ಅಣ್ಣನ ತೋಟದ ಬೀನ್ಸ್

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಅನುಮಾನದಕ್ಕ ಎಂದೇ. ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ರಕ್ತ ಪರೀಕ್ಷೆ ಮಾಡಿ ಬಂದವಳು. ಕಣ್ಣಾರೆ ಕಾಣದೆ ನಂಬುವ ಜಾಯಮಾನ ಅವಳದಲ್ಲ. ಬಡಾವಣೆಯ ನಲವತ್ತು ಮನೆಯವರು ಸೇರಿ ವಿಷ ಹೊಡೆಯದ ತರಕಾರಿಯ ಅಂಗಡಿ ತೆರೆದಾಗ, ತೋಟಗಳ ತಪಾಸಣೆಗೆ ಇವಳೇ ಸರಿ ಎಂದು ಒಪ್ಪಿಸಿದರು. ವಾರಕ್ಕೊಂದು ತೋಟಕ್ಕೆ ಹೇಳದೆ ಕೇಳದೆ ಹೋಗುವಳು. ಎಲೆ ಮಗುಚಿ ನೋಡುವಳು, ಮಣ್ಣು ಮೂಸುವಳು, ಪಂಪ್‌ಸೆಟ್ಟಿನ ಕೋಣೆಯ ಮೂಲೆಮೂಲೆ ತಡಕುವಳು. "ನೀರಾದ್ರೂ ಕುಡೀರಿ ಅಕ್ಕ" ಎಂದರೆ, "ಯಾವ ಬಾವೀದು?" ಎನ್ನುವಳು. ಅವಳು ಸಹಿ ಹಾಕಿದ ಚೀಟಿ ಬುಟ್ಟಿಯ ಮೇಲಿದ್ದರೆ ಅಂಗಡಿಯಲ್ಲಿ ಯಾರೂ ಎರಡು ಮಾತಾಡುತ್ತಿರಲಿಲ್ಲ.

ಒಂದು ತೋಟವನ್ನು ಮಾತ್ರ ಅವಳು ಹಾಗೆ ತಡಕುತ್ತಿರಲಿಲ್ಲ. ಅದು ಅಣ್ಣನದು. ಅಪ್ಪ ಹೋದ ಮೇಲೆ ತಾನು ಓದು ಬಿಟ್ಟು ತಂಗಿಯನ್ನು ಓದಿಸಿದವನು. ಅಲ್ಲಿ ಅತ್ತಿಗೆ ಬಡಿಸಿದ್ದನ್ನು ಉಂಡು, ಬದುವಿನ ಮೇಲೆ ನಾಲ್ಕು ಹೆಜ್ಜೆ ಹಾಕಿ, ಸಹಿ ಮಾಡಿ ಬರುವಳು.

ಆ ದಿನ ಕೈ ತೊಳೆಯಲು ತೊಟ್ಟಿಯ ಹಿಂದೆ ಹೋದಾಗ ಕೀಟನಾಶಕದ ಡಬ್ಬಿ ಕಂಡಿತು. ಮುಚ್ಚಳದ ಸುತ್ತ ಇನ್ನೂ ಹಸಿ. ಅದನ್ನೆತ್ತಿ ತಂದು ಅಣ್ಣನ ಮುಂದೆ ಹಿಡಿದಳು.

"ಏನಣ್ಣ ಇದು?"

"ಕಾಯಿಗೆ ಹುಳ ಬಿತ್ತು ಕಣೇ. ಕಣ್ಣೆದುರಿಗೇ ಎಲ್ಲ ಹೋಗ್ತಿತ್ತು. ಹತ್ತು ದಿನದ ಹಿಂದೆ ಒಂದ್ಸಲ ಹೊಡೆದೆ, ಇವತ್ತು ಇನ್ನೊಂದ್ಸಲ."

ಹೋದ ವಾರದ ಬೀನ್ಸ್ ಆಗಲೇ ಮೂವತ್ತು ಮನೆಗೆ ಹೋಗಿತ್ತು, ಅವಳದೇ ಸಹಿಯ ಮೇಲೆ.

"ಯಾರಿಗೂ ಹೇಳ್ಬೇಡ್ವೇ. ಹೊಟ್ಟೇಲಿ ಹಾಕ್ಕೋ."

"ನಾನು ಹಾಕ್ಕೋಬಹುದಣ್ಣ. ಅವರು ಆಗಲೇ ಹೊಟ್ಟೇಲಿ ಹಾಕ್ಕೊಂಡಾಗಿದೆಯಲ್ಲ, ಅವರಿಗೇನು ಹೇಳ್ಲಿ?"

ಮರುದಿನ ಬೆಳಿಗ್ಗೆ ಅಂಗಡಿಯ ಹಲಗೆಯ ಮೇಲೆ ಬರೆದಳು: "ಹೋದ ವಾರದ ಬೀನ್ಸಿಗೆ ವಿಷ ಹೊಡೆದಿತ್ತು. ಬೆಳೆದವನು ನನ್ನ ಅಣ್ಣ. ನೋಡದೆ ಸಹಿ ಹಾಕಿದವಳು ನಾನು." ಅಷ್ಟಕ್ಕೇ ಬಿಡದೆ ಮನೆಮನೆಗೂ ಹೋದಳು. ಒಬ್ಬಾಕೆಯ ಗಂಡ ದೊಡ್ಡ ಕಾಯಿಲೆಯಿಂದ ಆಗತಾನೇ ಎದ್ದು ಓಡಾಡುತ್ತಿದ್ದ. ಆಕೆ ಎಲ್ಲವನ್ನೂ ಕೇಳಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹನ್ನೊಂದು ಮನೆಯವರು ಅಂಗಡಿ ಬಿಟ್ಟರು. ಅಣ್ಣ ಮಾತು ಬಿಟ್ಟ.

ಸಭೆಯಲ್ಲಿ ಅವಳು, "ಈ ಕೆಲಸ ಬೇರೆಯವರಿಗೆ ಕೊಡಿ" ಎಂದಳು. ನಿವೃತ್ತ ಬಸ್ ಡ್ರೈವರೊಬ್ಬರು ಎದ್ದರು. "ತನ್ನ ತಪ್ಪು ತಾನೇ ಬರೆದು ತೂಗುಹಾಕಿದೋರನ್ನ ಬಿಟ್ಟು ಇನ್ಯಾರನ್ನಮ್ಮ ನಂಬೋದು?"

"ನನ್ನನ್ನ ನಂಬಿದ್ದಕ್ಕೇ ಅಲ್ವಾ ಹೀಗಾಗಿದ್ದು?" ಎಂದಳು ಅವಳು. ಅಂದು ಅವಳ ಹಟಕ್ಕೇ ನಿಯಮ ಬದಲಾಯಿತು. ತಪಾಸಣೆಗೆ ಯಾರೂ ಒಂಟಿಯಾಗಿ ಹೋಗಕೂಡದು, ನೆಂಟರ ತೋಟಕ್ಕಂತೂ ಕೂಡದೇ ಕೂಡದು. ಕೊಳ್ಳುವವರೇ ಸರದಿಯ ಮೇಲೆ ಹೋಗಿ ನೋಡಬೇಕು. ಬಿಟ್ಟುಹೋದವರಲ್ಲಿ ಕೆಲವರು ಆ ಸರದಿಗೆಂದೇ ಮರಳಿದರು. ಬಾಗಿಲು ಹಾಕಿಕೊಂಡಿದ್ದಾಕೆಯೂ ಬಂದಳು.

ಮೂರು ವರ್ಷದ ಮೇಲೆ ಅಣ್ಣ ಅಂಗಡಿಗೆ ಹೇಳಿಕಳಿಸಿದ, ತೋಟ ನೋಡಿ ಎಂದು. ಡ್ರೈವರೂ, ಅಂದು ಬಾಗಿಲು ಹಾಕಿಕೊಂಡಿದ್ದಾಕೆಯೂ ಹೋದರು. ಇವಳು ತಕ್ಕಡಿಯ ಮುಂದೆ ಕೂತೇ ಇದ್ದಳು. ಸಂಜೆ ಬುಟ್ಟಿಯ ಜೊತೆ ಅಣ್ಣನೂ ಬಂದ. ಕೂದಲು ಪೂರಾ ಬೆಳ್ಳಗಾಗಿತ್ತು.

"ನಿನಗಿಂತ ಜೋರು ಕಣೇ ಆಯಮ್ಮ. ತಡಕದೆ ಬಿಟ್ಟಿದ್ದು ಹಾಸಿಗೆ ಸುರುಳಿ ಒಂದನ್ನೇ," ಎಂದ. ಆಮೇಲೆ ದನಿ ಇಳಿಯಿತು. "ನಿಮ್ಮತ್ತಿಗೆಗೆ ಹುಷಾರಿಲ್ಲ. ನಿನ್ನನ್ನ ಕೇಳ್ತಾಳೆ."

ಅವಳು ಅಂಗಡಿಯ ಬೀಗದಕೈ ಡ್ರೈವರಿಗೆ ಕೊಟ್ಟು ಅಣ್ಣನ ಜೊತೆ ಬಸ್ಸು ಹತ್ತಿದಳು. ಅತ್ತಿಗೆ ಕಣ್ಣು ಮುಚ್ಚುವವರೆಗೂ, ಹತ್ತೊಂಬತ್ತು ದಿನ, ಅಲ್ಲೇ ಇದ್ದಳು. ಆಮೇಲೂ ಆ ತೋಟದ ಚೀಟಿಗೆ ಅವಳು ಸಹಿ ಹಾಕಲಿಲ್ಲ. ಹಾಕೆಂದು ಅಣ್ಣನೂ ಕೇಳಲಿಲ್ಲ.