ಎಣ್ಣೆ ಮಿಲ್ಲಿನ ಅಕ್ಕ ಮತ್ತು ಅವಳ ಕರುಳಿನ ಕಾಯಿಲೆ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಕ್ಕ ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆಯ ಮಿಲ್ ನಡೆಸುತ್ತಿದ್ದಳು. ಭಾವನಿಗೆ ಹೊಲದ ಕಡೆಯೇ ಒಲವು, ವ್ಯಾಪಾರವೆಲ್ಲ ಅವಳದೇ. ಕಾಯಿ ಒಡೆದು, ಬೀಜ ಬಾಯಿಗೆ ಹಾಕಿಕೊಂಡು, ವರ್ತಕರ ಎದುರು ದರ ಹೇಳುವ ಅವಳ ಗತ್ತು ನೋಡಲೆಂದೇ ನಾನು ರಜೆಯಲ್ಲಿ ಮೊಳಕಾಲ್ಮೂರಿನಿಂದ ಬಸ್ಸು ಹತ್ತುತ್ತಿದ್ದೆ. ಮೊಳಕಾಲ್ಮೂರಿನ ಶಾಲೆಯೊಂದರಲ್ಲಿ ನಾನು ಟೀಚರ್.

ಒಂದು ಬೇಸಿಗೆಯಲ್ಲಿ ಹೋದಾಗ ಅವಳ ಕೈಬಳೆ ಮೊಣಕೈವರೆಗೂ ಜಾರುತ್ತಿತ್ತು. ಮಾತಿನ ನಡುವೆ ಎದ್ದು ಹೋಗುತ್ತಿದ್ದಳು. ಮಿಲ್ಲಿನಲ್ಲಿ ಕಕ್ಕಸು ಇರಲಿಲ್ಲ, ಪ್ರತಿ ಸಲವೂ ಮನೆಗೆ ಓಡಬೇಕು. ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು, "ರಕ್ತ ಹೋಗ್ತೈತೆ ಕಣೇ. ಯಾರಿಗೂ ಹೇಳಿಲ್ಲ."

ಅವಳು ಸೊರಗಿದ್ದು ಅವಳ ಮೈದುನನ ಕಣ್ಣಿಗೂ ಬಿದ್ದಿತ್ತು. "ವ್ಯಾಪಾರದ ತಲೆಬಿಸಿ ಅತ್ತಿಗೆ. ಮಿಲ್ ನಾನು ನೋಡ್ಕೋತೀನಿ, ನೀವು ಮನೇಲಿರ್ರಿ" ಅಂದ. ಎಲ್ಲ ತನ್ನ ಮನಸ್ಸಿನಿಂದಲೇ ಎಂದು ಅಕ್ಕನೂ ನಂಬತೊಡಗಿದ್ದಳು.

ನಾನು ಅವಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕ್ಯಾಮೆರಾ ಇರುವ ಕೊಳವೆ ಹಾಕಿ ನೋಡಿದರೆ ದೊಡ್ಡ ಕರುಳಿನಲ್ಲಿ ಉದ್ದಕ್ಕೂ ಹುಣ್ಣು. ಡಾಕ್ಟರಮ್ಮ ಆ ಚಿತ್ರವನ್ನು ಅಕ್ಕನಿಗೇ ತೋರಿಸಿದರು.

"ಹಂಗಾರೆ ಇದು ನಾನು ಯೋಚ್ನೆ ಮಾಡಿ ತಂದ್ಕೊಂಡಿದ್ದಲ್ವಾ?" ಅಕ್ಕ ಕೇಳಿದಳು.

"ಅಲ್ಲಮ್ಮ. ಕರುಳಿನ ಗೋಡೆಯೊಳಗೇ ನರಗಳ ಬಲೆ ಇರುತ್ತೆ. ನರದ ತುದಿಯಿಂದ ಕೆಲವು ರಾಸಾಯನಿಕಗಳು ಹೊರಗೆ ಬರ್ತವೆ. ರೋಗದ ವಿರುದ್ಧ ಹೋರಾಡೋ ಜೀವಕೋಶಗಳು ಪಕ್ಕದಲ್ಲೇ ಇರ್ತವೆ. ಕೆಲವು ರಾಸಾಯನಿಕ ಅವನ್ನ ಕೆರಳಿಸಿ ಉರಿಯೂತ ಹೆಚ್ಚಿಸ್ತವೆ, ಕೆಲವು ತಣ್ಣಗೆ ಮಾಡ್ತವೆ. ಚಿಂತೆಯಾದಾಗ ಕಾಯಿಲೆ ಜೋರಾಗೋದು ಈ ದಾರಿಯಿಂದಲೂ ಇರಬಹುದು. ಆದರೆ ಚಿಂತೆಯಿಂದಲೇ ಹುಣ್ಣಾಯ್ತು ಅನ್ನೋಕಾಗಲ್ಲ. ಪೂರ್ತಿಯಾಗಿ ನಮಗೂ ಇನ್ನೂ ಗೊತ್ತಿಲ್ಲ."

"ಆ ನರಕ್ಕೇ ಔಷಧಿ ಐತಾ?"

"ಹುಡುಕ್ತಿದ್ದಾರೆ. ಸದ್ಯಕ್ಕೆ ಉರಿಯೂತಕ್ಕೆ ಮಾತ್ರೆ ಇದೆ. ವಾಸಿಯಾಯ್ತು ಅಂತ ನೀವಾಗೇ ನಿಲ್ಲಿಸಬಾರದು."

ಗೊತ್ತಿಲ್ಲ ಎಂದು ಒಪ್ಪಿಕೊಂಡ ಆ ಡಾಕ್ಟರಮ್ಮ ಅಕ್ಕನಿಗೆ ತುಂಬಾ ಹಿಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನಿಂದ ಎಲ್ಲವನ್ನೂ ಮತ್ತೆ ಹೇಳಿಸಿಕೊಂಡಳು.

ಮಾರನೆಯ ದಿನ ಮಿಲ್ಲಿಗೆ ಹೋಗಿ, ಮೈದುನನೂ ಆಳುಗಳೂ ಇದ್ದಾಗಲೇ ಹೇಳಿದಳು. "ನನ್ನ ಕರುಳಾಗೆ ಹುಣ್ಣೈತೆ. ಮಾತ್ರೆ ತಗೋತೀನಿ, ಮಿಲ್ಲೂ ನಾನೇ ನೋಡ್ಕೋತೀನಿ. ನಡುವೆ ಎದ್ದು ಹೋದ್ರೆ ಯಾಕೆ ಅಂತ ಕೇಳಬ್ಯಾಡ್ರಿ." ನನ್ನ ಎದೆ ತುಂಬಿ ಬಂತು.

ಆ ತಿಂಗಳೇ ಮಿಲ್ಲಿನ ಅಂಗಳದಲ್ಲಿ ಕಕ್ಕಸು ಕಟ್ಟಿಸಿದಳು. ಶೇಂಗಾ ಆರಿಸುವ ಹೆಂಗಸರು ಅಲ್ಲಿಯವರೆಗೆ ಹಿಂದಿನ ಬಯಲಿಗೆ ಹೋಗುತ್ತಿದ್ದರು. ಅವರಿಗಾಗಿ ಇನ್ನೊಂದನ್ನೂ ಜೊತೆಗೇ ಕಟ್ಟಿಸಿದಳು. ಕಾಯಿಲೆ ಆಮೇಲೂ ಮರುಕಳಿಸಿತು. ಒಮ್ಮೆ ಆಸ್ಪತ್ರೆಗೂ ಸೇರಿದಳು. ಆದರೆ ಮಾತ್ರೆ ಬಿಡಲಿಲ್ಲ, ಮಿಲ್ಲನ್ನೂ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯ ರೇಷ್ಮೆ ಸೀರೆ ನೇಯುವ ಯಜಮಾನರು ದಿನೇದಿನೇ ಸೊರಗುತ್ತಿದ್ದರು. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಣಿಯಿಂದ ಮತ್ತೆ ಮತ್ತೆ ಎದ್ದು ಹೋಗುತ್ತಾರೆಂದು ಅವರ ಹೆಂಡತಿ ನನ್ನ ಹತ್ತಿರ ಕಣ್ಣೀರು ಹಾಕಿದರು. ಅಕ್ಕನಿಗೆ ಫೋನ್ ಮಾಡಿದೆ. ಮಧ್ಯಾಹ್ನದ ಬಸ್ಸಿಗೇ ಬಂದಳು. ಮಗ್ಗದ ಪಕ್ಕ ನೆಲದ ಮೇಲೆ ಕೂತು, "ರಕ್ತ ಹೋಗ್ತೈತೇನಣ್ಣಾ? ನಂಗೂ ಹೋಗ್ತಿತ್ತು" ಅಂದಳು.

ಅವರು ತಲೆ ತಗ್ಗಿಸಿದರು. ಆಮೇಲೆ ಕೈಯಲ್ಲಿದ್ದ ಲಾಳಿಯನ್ನು ಪಕ್ಕಕ್ಕಿಟ್ಟು, ಅರ್ಧ ಮನೆಮಾತಾದ ತೆಲುಗು ಅರ್ಧ ಕನ್ನಡದಲ್ಲಿ ಅವರು ಎಲ್ಲವನ್ನೂ ಹೇಳತೊಡಗಿದರು.