ದನಿ ಹೋದ ಮೇಲೆ ಸಾರ್ ಹೇಳಿದ ಮಾತು

ಕೋಲಾರದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ಬ್ಯಾಚಿಗೆ ಮೆಂಟರ್ ಅಂತ ಸಿಕ್ಕಿದವರು ಕೆಮಿಸ್ಟ್ರಿಯ ಅತಿಥಿ ಉಪನ್ಯಾಸಕರು. ತಲೆ ನರೆಯುವವರೆಗೂ ಅದೇ ಕಾಲೇಜಿನಲ್ಲಿ ಪಾಠ ಹೇಳಿದ್ದರೂ ಅವರು ಅತಿಥಿಯೇ. ಬೇಸಿಗೆ ರಜೆ ಬಂದರೆ ಕೆಲಸ ಹೋಗುತ್ತಿತ್ತು, ಕಾಲೇಜು ಶುರುವಾದ ಮೇಲೆ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಮನೆ ಮಾಲೂರಿನಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು.

ನಾನು ಬೈರಕೂರಿನ ಕಡೆಯವಳು, ಮನೆಮಾತು ತೆಲುಗು. ಸಾರ್ ಕೂಡ ಆಂಧ್ರದ ಗಡಿಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಪಾಠವೆಲ್ಲ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಪಾಠ ಮುಗಿದು ಲ್ಯಾಬಿನ ಬಾಗಿಲಲ್ಲಿ ನನ್ನ ಜೊತೆ ಮಾತಿಗೆ ನಿಂತರೆ ಮಾತ್ರ ತೆಲುಗು. 'ತಿನ್ನಾವಾ ಅಮ್ಮಾ?' ಅಂತ ಊಟದ ವಿಚಾರದಿಂದಲೇ ಶುರು ಮಾಡುತ್ತಿದ್ದರು.

ಎರಡನೇ ವರ್ಷದಲ್ಲಿ ಒಂದು ದಿನ, ಹಾಗೇ ತೆಲುಗಿನಲ್ಲಿ, ಮುಂದೇನು ಮಾಡ್ತೀಯ ಅಂತ ಕೇಳಿದರು. ನಮ್ಮ ಮಾವ ಮಾಲೂರಿನ ಫ್ಯಾಕ್ಟರಿಯೊಂದರಲ್ಲಿ ಇದ್ದಾರೆ, ಡಿಗ್ರಿ ಆದ ತಕ್ಷಣ ಅಲ್ಲಿ ಸೇರಿಸ್ತಾರಂತೆ ಅಂದೆ.

"ಫ್ಯಾಕ್ಟರಿ ಎಲ್ಲೂ ಓಡಿಹೋಗಲ್ಲಮ್ಮ. ನೀನು ಎಂ.ಎಸ್ಸಿ. ಮಾಡು. ಟೈಟ್ರೇಶನ್ ಮಾಡುವಾಗ ಎಲ್ಲರೂ ಬಣ್ಣ ಬಂದರೆ ಸಾಕು ಅಂತ ಸುರೀತಾರೆ. ನೀನೊಬ್ಬಳೇ ಕೊನೇ ಹನಿಗೆ ಕಾಯ್ತೀಯ."

ಅಲ್ಲಿಯವರೆಗೆ ನನ್ನಲ್ಲಿ ಇಂಥದ್ದೊಂದು ಇದೆ ಅಂತ ಯಾರೂ ಹೇಳಿರಲಿಲ್ಲ. ಅವತ್ತು ಬಸ್ಸಿನಲ್ಲಿ ಮುಳಬಾಗಿಲು ದಾಟಿದ್ದೂ ಗೊತ್ತಾಗಲಿಲ್ಲ. ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಬೀನ್ಸ್ ಬಿಡಿಸುತ್ತಿದ್ದ ಅಪ್ಪ ತಲೆಯೆತ್ತಿ, "ಸಾರೇ ಅಂದ್ರಾ?" ಅಂತ ಕೇಳಿದರು. ಹೂಂ ಅಂದೆ. "ಹಾಗಾದ್ರೆ ನೋಡೋಣ" ಅಂದರು.

ಕೊನೆಯ ವರ್ಷ ಸಾರ್ ಗಂಟಲು ಕಟ್ಟತೊಡಗಿತು. ಮೊದಮೊದಲು ಶೀತ ಅಂದುಕೊಂಡೆವು. ಚಳಿಗಾಲ ಹೋದರೂ ದನಿ ಸರಿಹೋಗಲಿಲ್ಲ. ಡಾಕ್ಟರಿಗೆ ತೋರಿಸಿ ಸಾರ್ ಅಂದರೆ, "ಸೆಮಿಸ್ಟರ್ ಮುಗೀಲಿ, ಈಗ ರಜಾ ಹಾಕಿದ್ರೆ ನನ್ನ ಜಾಗಕ್ಕೆ ಇನ್ನೊಬ್ಬರು ಬಂದು ಕೂತ್ಕೋತಾರೆ" ಅಂತ ನಗುತ್ತಿದ್ದರು. ನಕ್ಕರೆ ಬರೀ ಗಾಳಿ ಬರುತ್ತಿತ್ತು. ಅದೇ ಹೊತ್ತಿಗೆ ಪಿಎಚ್.ಡಿ. ಇಲ್ಲದ ಅತಿಥಿಗಳನ್ನು ಮುಂದಿನ ವರ್ಷ ಕರೆಯುವುದಿಲ್ಲ ಅನ್ನುವ ಸುದ್ದಿ ಹಬ್ಬಿತ್ತು. ಸಾರ್ ಪಿಎಚ್.ಡಿ. ಅರ್ಧಕ್ಕೇ ನಿಂತಿತ್ತು.

ಆ ದಿನಗಳಲ್ಲೇ ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಬಸ್ಸುಗಳ ಸದ್ದಿನಲ್ಲಿ ಅವರ ಮಾತು ಕೇಳಿಸದೆ ನಾನು ಹತ್ತಿರ ಬಾಗಬೇಕಾಯಿತು.

"ಅವತ್ತು ನಿಂಗೆ ಎಂ.ಎಸ್ಸಿ. ಮಾಡು ಅಂದೆ. ಅಂದಿದ್ದು ಸರೀನೋ ಇಲ್ವೋ ಗೊತ್ತಾಗ್ತಿಲ್ಲಮ್ಮ. ನಾನೂ ಓದಿದವನೇ ಅಲ್ವಾ? ನನ್ನ ಗತಿ ನೋಡು."

ನನಗೆ ಸಿಟ್ಟು ಬಂತು. "ಮನೇಲಿ ಜಗಳ ಆಡಿ ಒಪ್ಪಿಸಿದೀನಿ ಸಾರ್. ಈಗ ಹೀಗಂದ್ರೆ ಹೇಗೆ?"

ಸಾರ್ ಬ್ಯಾಗು ಹೆಗಲಿಗೇರಿಸಿಕೊಂಡರು. "ಸರಿಯಾಗಿ ಯೋಚನೆ ಮಾಡಿ ಹೇಳ್ತೀನಿ" ಅಂದು ಮಾಲೂರಿನ ಬಸ್ಸು ಹತ್ತಿದರು.

ಆಮೇಲೊಂದು ದಿನ ಕ್ಲಾಸಿನ ನಡುವೆ ಅವರ ದನಿ ಪೂರ್ತಿ ನಿಂತುಹೋಯಿತು. ಬಾಯಿ ಆಡುತ್ತಿತ್ತು, ಶಬ್ದವಿಲ್ಲ. ಹಿಂದಿನ ಬೆಂಚಿನಿಂದ ಯಾರೋ "ಸಾರ್, ವಾಲ್ಯೂಮ್!" ಅಂದರು. ಕ್ಲಾಸೆಲ್ಲ ನಕ್ಕಿತು. ಸಾರ್ ಉಳಿದ ಪಾಠವನ್ನು ಬೋರ್ಡಿನ ಮೇಲೆ ಬರೆದರು, ಕೈ ಒರೆಸಿಕೊಂಡು ಹೋದರು. ಮತ್ತೆ ಬರಲಿಲ್ಲ.

ಗಂಟಲಿನ ಕ್ಯಾನ್ಸರ್. ಬೆಂಗಳೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರಂತೆ. ನನ್ನ ರಿಸಲ್ಟ್ ಬಂದು ಎಂ.ಎಸ್ಸಿ. ಸೀಟು ಸಿಕ್ಕಾಗ ಅವರು ಮನೆಗೆ ಬಂದಿದ್ದಾರೆ ಅಂತ ಗೊತ್ತಾಯಿತು. ಅತ್ತ ಮಾವನೂ ಫ್ಯಾಕ್ಟರಿಯಲ್ಲಿ ಮಾತಾಡಿ ಇಟ್ಟಿದ್ದರು. ಎರಡರಲ್ಲಿ ಒಂದನ್ನು ಆ ವಾರವೇ ಒಪ್ಪಬೇಕಿತ್ತು. ಮಾಲೂರಿಗೆ ಹೋದೆ.

ಬಾಗಿಲು ತೆಗೆದವರು ಸಾರ್ ಹೆಂಡತಿ. ತುಮಕೂರಿನ ಕಡೆಯವರು, ಮೆಲುಮಾತಿನ ಹೆಂಗಸು. ನಾನು ಅಕ್ಕ ಅಂತ ಕರೆದೆ. ಒಳಗೆ ಮಂಚದ ಮೇಲೆ ಸಾರ್ ದಿಂಬಿಗೆ ಒರಗಿದ್ದರು. ಕೊರಳಲ್ಲಿ ಉಸಿರಾಟದ ನಳಿಗೆ, ಸುತ್ತ ಬ್ಯಾಂಡೇಜು. ಕತ್ತು ಆಚೀಚೆ ತಿರುಗಿಸುವ ಹಾಗಿರಲಿಲ್ಲ. ಅಕ್ಕ ಅವರ ತುಟಿ ನೋಡಿ ಮಾತು ಹೇಳುವುದನ್ನು ಕಲಿತಿದ್ದರು. ನೀರು, ಬಿಸಿಲು, ನೋವು, ಹೀಗೆ ಒಂದೊಂದೇ ಪದ.

ಎಲ್ಲ ಹೇಳಿದೆ. "ಯೋಚನೆ ಮಾಡಿ ಹೇಳ್ತೀನಿ ಅಂದಿದ್ರಿ ಸಾರ್. ಸೇರಲೋ ಬೇಡವೋ?"

ಸಾರ್ ನನ್ನನ್ನೇ ನೋಡಿದರು. ತುಟಿ ದುಂಡಗಾಗಿ ಆಡಿತು. ಮತ್ತೊಮ್ಮೆ ಅದೇ ಪದ.

"ಓದು ಅಂತಿದಾರೆ ಕಣಮ್ಮ" ಅಂದರು ಅಕ್ಕ. ಅವರ ಮುಖ ಅರಳಿತ್ತು.

ನನಗೆ ಕಂಡದ್ದು ಅದಲ್ಲ. ನನ್ನ ಜೊತೆ ಸಾರ್ ಯಾವಾಗಲೂ ತೆಲುಗಿನಲ್ಲೇ ಮಾತಾಡುತ್ತಿದ್ದವರು. ತೆಲುಗಿನಲ್ಲಿ ಬೇಡ ಅನ್ನುವುದಕ್ಕೆ 'ವದ್ದು' ಅನ್ನುತ್ತೇವೆ. ದನಿಯಿಲ್ಲದ ಬಾಯಲ್ಲಿ 'ಓದು' ಯಾವುದು, 'ವದ್ದು' ಯಾವುದು? ನನ್ನ ಮುಖದಲ್ಲಿ ಸಾರ್‌ಗೆ ಏನು ಕಂಡಿತೋ, ಬರೆಯಲು ಪಕ್ಕದಲ್ಲಿಟ್ಟಿದ್ದ ಸ್ಲೇಟಿಗೆ ಕೈ ಚಾಚಿದರು. ಅಷ್ಟರಲ್ಲಿ ಕೆಮ್ಮು ಬಂತು. ನಳಿಗೆಯಲ್ಲಿ ಕಫ ಕಟ್ಟಿ ಉಸಿರು ಸಿಕ್ಕಿಕೊಂಡಿತು. ಅಕ್ಕ ನನ್ನನ್ನು ಹೊರಗೆ ಕಳಿಸಿ ನಳಿಗೆ ಶುಚಿ ಮಾಡಿದರು. ಮತ್ತೆ ಒಳಗೆ ಹೋದಾಗ ಸಾರ್ ಕಣ್ಣು ಮುಚ್ಚಿದ್ದರು, ಹಣೆ ಬೆವೆತಿತ್ತು. ಎಬ್ಬಿಸಲು ಮನಸ್ಸು ಬರಲಿಲ್ಲ. ಇನ್ನೊಮ್ಮೆ ಬರ್ತೀನಿ ಅಂದು ಬಂದೆ.

ಆ ವಾರದ ಕೊನೆಗೆ ಸೋಂಕಾಗಿ ಜ್ವರ ಏರಿ ಸಾರ್ ತೀರಿಕೊಂಡರು. ಕಾಲೇಜಿನಲ್ಲಿ ಎದ್ದು ನಿಂತು ಮೌನ ಆಚರಿಸಿದರಂತೆ. ಅವರ ಕ್ಲಾಸುಗಳಿಗೆ ಹೊಸಬರು ಆಗಲೇ ಬಂದಿದ್ದರು.

ನಾನು ಎಂ.ಎಸ್ಸಿ. ಸೇರಿದೆ. ಅಕ್ಕ ಹೇಳಿದ್ದನ್ನು ನಂಬಿ ಸೇರಿದೆನೋ, ನಂಬಬೇಕು ಅನ್ನಿಸಿ ಸೇರಿದೆನೋ, ಈಗಲೂ ಹೇಳಲಾರೆ. ಮುಗಿಸಿದ ಮೇಲೆ ಕಾಯಂ ಕೆಲಸ ಎಲ್ಲೂ ಸಿಗಲಿಲ್ಲ. ಈಗ ಶ್ರೀನಿವಾಸಪುರದ ಒಂದು ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಾವ ಈಗೀಗ ಫ್ಯಾಕ್ಟರಿಯ ಮಾತು ಎತ್ತುವುದಿಲ್ಲ, ಅಪ್ಪನೂ ಏನೂ ಕೇಳುವುದಿಲ್ಲ.

ಹೋದ ತಿಂಗಳು ಅಕ್ಕನನ್ನು ನೋಡಲು ಹೋಗಿದ್ದೆ. ಹೊಲಿಗೆ ಯಂತ್ರ ಪಕ್ಕಕ್ಕೆ ಸರಿಸಿ ಕಾಫಿ ಕೊಟ್ಟರು. ನಾನು ಪಾಠ ಹೇಳುತ್ತಿದ್ದೇನೆ ಅಂತ ಕೇಳಿ ಅವರಿಗೆ ಕಣ್ಣು ತುಂಬಿ ಬಂತು.

"ಕೊನೇ ದಿನಗಳಲ್ಲಿ ನನ್ನ ಹತ್ರ ನೀರು, ನೋವು ಬಿಟ್ರೆ ಏನೂ ಹೇಳ್ಲಿಲ್ಲ ಕಣಮ್ಮ. ಮಾತು ಅಂತ ಹೇಳಿದ್ದು ನಿಂಗೊಬ್ಬಳಿಗೇ. ಓದು ಅಂದ್ರು. ನೀನು ಓದ್ದೆ. ನಂಗೆ ಅಷ್ಟು ಸಾಕು."

ಅವರಿಗೆ ತೆಲುಗು ಬರುವುದಿಲ್ಲ. ನಾನು ಹೂಂ ಅಕ್ಕ ಅಂದು ಕಾಫಿ ಕುಡಿದು ಮುಗಿಸಿದೆ.