ಒಂದು ಟ್ಯೂಬು ಬೆಟ್ಟದ ಹವಾ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೈಕಲ್ಲು ಸ್ಕೂಟರುಗಳಿಗೆ ಪಂಕ್ಚರ್ ಹಾಕುತ್ತಿದ್ದ ಹಿರಿಯರನ್ನು ಚಿಕ್ಕವರು ದೊಡ್ಡವರೆಲ್ಲ ಟ್ಯೂಬು ಮಾವ ಎಂದೇ ಕರೆಯುತ್ತಿದ್ದರು. ಅವರ ಅಂಗಡಿಯೆಂದರೆ ತಗಡಿನ ಸೂರು, ಕೂರುವುದಕ್ಕೊಂದು ಮರದ ಪೆಟ್ಟಿಗೆ, ಟ್ಯೂಬು ಮುಳುಗಿಸಿ ಗುಳ್ಳೆ ನೋಡುವುದಕ್ಕೆ ನೀರು ತುಂಬಿದ ಹಳೆಯ ಬಾಣಲೆ, ಒಂದು ಕೈಪಂಪು, ಮೊಳೆಗೆ ನೇತುಹಾಕಿದ ರೇಡಿಯೋ. ಊರಿನ ಅರ್ಧ ಜನ ಓಡಾಡುತ್ತಿದ್ದುದು ಅವರು ಮುಚ್ಚಿಕೊಟ್ಟ ತೂತುಗಳ ಮೇಲೆಯೇ. ಅವರು ಮಾತ್ರ ಮದುವೆಯಾದ ಮೇಲೆ ಊರಿನ ಗಡಿ ದಾಟಿದವರಲ್ಲ.

"ಊರು ಸುತ್ತೋದು ಚಕ್ರದ ಕೆಲಸ. ನನ್ನ ಕಾಲಿಗೇನು ಟೈರ್ ಹಾಕಿದ್ದಾರಾ?" ಎನ್ನುತ್ತಿದ್ದರು.

ರೇಡಿಯೋದಲ್ಲಿ ಅವರು ಹಾಡು ಕೇಳುತ್ತಿರಲಿಲ್ಲ, ವಾರ್ತೆ ಕೇಳುತ್ತಿದ್ದರು. ಹಣದುಬ್ಬರ ಎಂಬ ಮಾತು ಬಂತೆಂದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

"ಟ್ಯೂಬು ಒಂದು ಕಡೆ ಉಬ್ಬಿದೆ ಅಂದ್ರೆ ಅಲ್ಲಿ ರಬ್ಬರು ತೆಳ್ಳಗಾಗಿದೆ ಅಂತ ಅರ್ಥ. ದೇಶದಲ್ಲೂ ಎಲ್ಲೋ ತೆಳ್ಳಗಾಗಿದೆ. ಇವರು ನೋಡಿದ್ರೆ ಇನ್ನೂ ಪಂಪು ಹೊಡೀತಾನೇ ಇದ್ದಾರೆ!"

ಹಾಗೆ ಹೇಳಿ ಹೇಳಿಯೇ ಏನೋ, ಒಂದು ದಿನ ಅವರಿಗೆ ಉಬ್ಬಸ ಶುರುವಾಯಿತು. ಹಣದುಬ್ಬರವೂ ಉಬ್ಬಸವೂ ಒಂದೇ ಮನೆತನದ ಪದಗಳೆಂದು ಅವರಿಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ, ತಾವೇ ಕಂಡುಕೊಂಡರು. ವಾರ್ತೆಯಲ್ಲಿ ಬೆಲೆ ಏರಿತೆಂದರೆ ಇವರ ಉಸಿರೂ ಏರುತ್ತಿತ್ತು. ಪಂಪು ಹೊಡೆಯುವಾಗ ಟೈರಿನ ಬುಸ್ಸೋ ಮಾವನ ಬುಸ್ಸೋ ಎಂದು ಗಿರಾಕಿಗಳಿಗೆ ಗೊತ್ತಾಗದಂತಾಯಿತು.

ಹೆಂಡತಿ ಬಲವಂತದಿಂದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮಾತ್ರೆ ಬರೆದುಕೊಟ್ಟು ಹೇಳಿದರು: "ಮಾತ್ರೆಯಿಂದ ಅರ್ಧ ಮಾತ್ರ. ಹವಾ ಬದಲಾಗಬೇಕು. ಬೆಟ್ಟದ ಹವಾ ಸಿಕ್ಕರೆ ಬಹಳ ಒಳ್ಳೇದು."

ಬೆಟ್ಟವೆಂದೊಡನೆ ಹೆಂಡತಿಯ ಮುಖ ಅರಳಿತು. ಇದೇ ಬೀದಿಯಲ್ಲಿ ಹುಟ್ಟಿ ಬೆಳೆದ ಅವರ ಅಕ್ಕ, ಮದುವೆಯಾಗಿ ಬೆಟ್ಟದ ಮೇಲಿನ ಊರು ಸೇರಿದ್ದರು.

"ನಾಳೇನೇ ಹೊರಡೋಣ ರೀ. ಅಕ್ಕನ್ನ ನೋಡಿ ಎಷ್ಟು ಕಾಲ ಆಯ್ತು!"

"ಎಲ್ಲಿಗೆ ಹೊರಡೋದು? ಡಾಕ್ಟರು ಏನಂದ್ರು? ಹವಾ ಬದಲಾಗಬೇಕು ಅಂದ್ರು. ನಾನು ಬದಲಾಗಬೇಕು ಅಂದ್ರಾ? ನಾನು ಹೋಗಬೇಕು ಅಂದ್ರಾ? ಬದಲಾಗೋ ಕೆಲಸ ಹವಾದ್ದು. ಅದು ಬರಲಿ, ನಾನು ಇಲ್ಲೇ ಇರ್ತೀನಿ."

ವಾಕ್ಯದ ಕರ್ತೃಪದವನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ರೋಗಿಯನ್ನು ಆ ಡಾಕ್ಟರು ಕಂಡಿರಲಿಕ್ಕಿಲ್ಲ.

ನಿಜವಾದ ಭಯ ಬೇರೆಯೇ ಇತ್ತು. ಎದುರುಗಡೆ ಒಬ್ಬ ಯುವಕ ಹೊಸದಾಗಿ ಕಂಪ್ರೆಸರು ಇಟ್ಟುಕೊಂಡು ಗಾಳಿ ತುಂಬುವ ಅಂಗಡಿ ತೆಗೆದಿದ್ದ. ಗುಂಡಿ ಒತ್ತಿದರೆ ಸಾಕು, ಟೈರು ಕಲ್ಲಿನಂತಾಗುತ್ತಿತ್ತು. ತಾವು ಕೆಲವು ದಿನ ಬಾಗಿಲು ಹಾಕಿದರೆ ಗಿರಾಕಿಗಳೆಲ್ಲ ರಸ್ತೆ ದಾಟಿಬಿಡುತ್ತಾರೆ, ದಾಟಿದವರು ಮತ್ತೆ ಈಚೆ ಬರುವುದಿಲ್ಲ ಎಂದು ಮಾವನ ಲೆಕ್ಕ. ಹೋದರೆ ಅಂಗಡಿ ಹೋಗುತ್ತದೆ, ಹೋಗದಿದ್ದರೆ ಉಸಿರು ಹೋಗುತ್ತದೆ. ಈ ಇಕ್ಕಟ್ಟಿಗೆ ಅವರು ಒಂದು ದಾರಿ ಹುಡುಕಿದರು.

ಹೆಂಡತಿಯ ತಮ್ಮ ಲಾರಿ ಓಡಿಸುತ್ತಿದ್ದ. ಬೆಟ್ಟಕ್ಕೆ ಸಿಮೆಂಟು ಹೊತ್ತು ಹೋಗಿ ಬರುವವನು. ಮಾವ ಅವನನ್ನು ಕರೆದು ಲಾರಿ ಚಕ್ರದ ನಾಲ್ಕಾರು ಹಳೆಯ ಟ್ಯೂಬುಗಳನ್ನು ಮುಂದಿಟ್ಟರು.

"ಮೇಲೆ ಹೋದಾಗ ಇವನ್ನ ತುಂಬಿಸ್ಕೊಂಡು ಬಾರಯ್ಯ."

"ಏನು ತುಂಬಿಸ್ಲಿ ಭಾವ? ನೀರಾ?"

"ಗಾಳಿ ಕಣಯ್ಯ, ಗಾಳಿ! ಟ್ಯೂಬಿಗೆ ಇನ್ನೇನು ಪಾಯಸ ತುಂಬ್ತಾರಾ?"

ಭಾವಮೈದುನ ಅಕ್ಕನ ಮುಖ ನೋಡಿದ. ಅಕ್ಕ ಹಣೆ ಚಚ್ಚಿಕೊಂಡು ಒಳಗೆ ಹೋದರು.

ಮೊದಲ ಟ್ಯೂಬು ಬಂದ ದಿನ ಮಾವ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಪೆಟ್ಟಿಗೆಯ ಮೇಲೆ ಕೂತರು. ಮಟಮಟ ಮಧ್ಯಾಹ್ನದಲ್ಲಿ ಮಫ್ಲರ್ ಸುತ್ತಿಕೊಂಡು, ವಾಲ್ವಿನ ತುದಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಎಳೆದುಕೊಂಡರು.

"ಆಹಾ! ಚಳಿ ನೋಡು, ಚಳಿ! ಮೂಳೆಗೇ ಇಳೀತು."

"ಬೆವರು ಇಳೀತಿದೆ ರೀ," ಎಂದರು ಹೆಂಡತಿ.

"ಅದು ಹೊರಗಿನ ಊರಿನ ಬೆವರು. ಒಳಗೆ ಬೆಟ್ಟ."

ಆಶ್ಚರ್ಯವೆಂದರೆ ಉಬ್ಬಸ ಇಳಿಯುತ್ತ ಬಂತು. ಮಾತ್ರೆಯ ಗುಣವೆಂದು ಹೆಂಡತಿ ಹೇಳಿದ್ದನ್ನು ಮಾವ ಕಿವಿಗೆ ಹಾಕಿಕೊಳ್ಳಲಿಲ್ಲ. ಸುದ್ದಿ ಬೀದಿಯಲ್ಲಿ ಹಬ್ಬಿತು. ಮೊಣಕಾಲು ನೋವಿನ ದರ್ಜಿಯೊಬ್ಬರು ಸೈಕಲ್ಲು ತಳ್ಳಿಕೊಂಡು ಬಂದು, "ನನಗೆ ಮೂಗಿಗೆ ಬೇಡ ಮಾವ, ಮುಂದಿನ ಚಕ್ರಕ್ಕೆ ಒಂದಿಷ್ಟು ಹಾಕಿ. ದಿಣ್ಣೆ ಹತ್ತುವಾಗ ಬೆಟ್ಟದ ಗಾಳಿಗೆ ಅಭ್ಯಾಸ ಇರುತ್ತೆ" ಎಂದು ಕೇಳಿದರು. ಮಾವ ಸ್ವಲ್ಪ ಯೋಚಿಸಿ, ಅದು ಸರಿಯೆನಿಸಿ, ಹಾಕಿಯೂ ಕೊಟ್ಟರು.

ಆದರೆ ರೇಡಿಯೋ ಸುಮ್ಮನಿರಬೇಕಲ್ಲ. ಆಮದು ಹೆಚ್ಚಾಗಿ ರಫ್ತು ಕಡಿಮೆಯಾದರೆ ದೇಶಕ್ಕೆ ಕಷ್ಟವೆಂದು ಯಾರೋ ಪಂಡಿತರು ಅದರಲ್ಲಿ ಗಂಟೆಗಟ್ಟಲೆ ಮಾತಾಡಿದರು. ಮಾವ ಪಂಪು ಕೆಳಗಿಟ್ಟರು. ತಾವು ಬರೀ ಬೆಟ್ಟದ ಗಾಳಿಯನ್ನು ಆಮದು ಮಾಡಿಕೊಳ್ಳುತ್ತಿದ್ದೇವೆ, ಬದಲಿಗೆ ಏನೂ ಕಳಿಸುತ್ತಿಲ್ಲ! ಅಂದಿನಿಂದ ಖಾಲಿ ಟ್ಯೂಬು ಕಳಿಸುವುದನ್ನು ನಿಲ್ಲಿಸಿದರು. ಬೀದಿಯ ಗಾಳಿಯನ್ನು ತಮ್ಮ ಕೈಪಂಪಿನಿಂದಲೇ ತುಂಬಿ, ವಾಲ್ವಿನ ಕತ್ತಿಗೆ ಕೆಂಪು ದಾರ ಸುತ್ತಿ, ತಮಗೊಬ್ಬರಿಗೇ ಬರುವ ಒಂದು ಗಂಟು ಹಾಕಿ ಲಾರಿಗೆ ಏರಿಸಿದರು.

"ಇದನ್ನ ಮೇಲೆ ನಿಮ್ಮ ದೊಡ್ಡಕ್ಕನ ಅಂಗಳದಲ್ಲಿ ಬಿಡು. ಆಮೇಲೆ ಅಲ್ಲಿನದು ತುಂಬ್ಕೊ. ವ್ಯಾಪಾರ ಅಂದ್ರೆ ಎರಡೂ ಕಡೆ ಸಮ ಇರಬೇಕು."

"ಆಯ್ತು ಭಾವ," ಎಂದ ಅವನು, ಏನೂ ಅರ್ಥವಾಗದವರು ಬೇಗ ಒಪ್ಪಿಕೊಳ್ಳುವ ಹಾಗೆ.

ಒಂದೆರಡು ಬಾರಿ ಹೀಗೇ ನಡೆಯಿತು. ಅದರ ಮುಂದಿನ ಸಲ ಟ್ಯೂಬು ಬಂದಾಗ ಮಾವ ಮಫ್ಲರ್ ಸುತ್ತಿಕೊಂಡು ವಾಲ್ವಿಗೆ ಕೈ ಹಾಕಿದರು. ಬೆರಳಿಗೆ ದಾರ ತಗುಲಿತು. ಕೆಂಪು ದಾರ. ಅದೇ ಗಂಟು, ಕದಲಿರಲಿಲ್ಲ.

"ಇದೇನಯ್ಯ?"

ಭಾವಮೈದುನ ತಲೆ ಕೆರೆದುಕೊಂಡ. "ಲೋಡು ಈಗ ಬೆಟ್ಟದ ಕಡೆ ಇಲ್ಲ ಭಾವ, ಬಯಲಿನ ಕಡೆ ಹಾಕಿದ್ದಾರೆ. ನಿಮ್ಮ ಮನಸ್ಸು ನೋಯಿಸೋದು ಯಾಕೆ ಅಂತ... ಟ್ಯೂಬನ್ನ ಲಾರಿ ಮೇಲೆ ಇಟ್ಕೊಂಡು ಹಾಗೇ ತಂದೆ."

"ಹಾಗಾದ್ರೆ ಮೊನ್ನೆ ನಾನು ಎಳ್ಕೊಂಡಿದ್ದು?"

"ನಿಮ್ಮದೇ. ಆಗ ದಾರ ಬಿಚ್ಚಿಟ್ಟಿದ್ದೆ, ಈ ಸಲ ಮರೆತೆ."

"ನನ್ನ ಪಂಪಿನ ಗಾಳಿ?"

"ನಿಮ್ಮ ಪಂಪು, ನಿಮ್ಮ ಬೀದಿ. ನಾನೇನೂ ಬೆರೆಸಿಲ್ಲ ಭಾವ, ಆಣೆ!"

ಆ ಕ್ಷಣವೇ ಉಬ್ಬಸ ಹಿಂದೆಂದೂ ಇಲ್ಲದಷ್ಟು ಏರಿತು. ಮಾವ ಪೆಟ್ಟಿಗೆ ಹಿಡಿದುಕೊಂಡು ಕೂತುಬಿಟ್ಟರು. ತುಟಿ ನೀಲಿಯಾಯಿತು. ಹೆಂಡತಿ ಓಡಿ ಬಂದು ಬೆನ್ನು ನೀವಿದರು. ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಹೆಂಡತಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ನಿಮ್ಮ ಗಾಳಿ ಊರೂರು ಸುತ್ತಿ ಬಂತು. ನೀವು ಮಾತ್ರ ಈ ಪೆಟ್ಟಿಗೆ ಬಿಟ್ಟು ಏಳಲ್ಲ. ಅಂಗಡಿ ನಾನು ನೋಡ್ಕೋತೀನಿ, ನೀವು ಬೆಟ್ಟಕ್ಕೆ ಹೋಗಿ ಬನ್ನಿ. ಅಕ್ಕನ್ನ ನಾನು ಆಮೇಲೆ ನೋಡಿದ್ರಾಯ್ತು. ನೀವು ಉಸಿರಾಡ್ತಾ ಇದ್ರೆ ತಾನೇ ನನಗೆ ಅಂಗಡಿ, ಮನೆ, ಎಲ್ಲ?"

ಮಾವ ಟ್ಯೂಬಿನ ಧೂಳು ಒರೆಸಿ ಪಕ್ಕಕ್ಕಿಟ್ಟರು. ಕೊನೆಗೆ ಎಂದರು: "ಸರಕು ಸರಿಯಾಗಿರಬೇಕಾದ್ರೆ ಯಜಮಾನನೇ ಹೋಗಿ ನೋಡಿ ತರಬೇಕು. ಇದು ಪ್ರವಾಸ ಅಲ್ಲ, ಗೊತ್ತಾಯ್ತಾ?"

"ಗೊತ್ತಾಯ್ತು, ಗೊತ್ತಾಯ್ತು. ಸ್ವೆಟರ್ ಇಟ್ಟಿದೀನಿ."

ಗಂಟು ಬಿಚ್ಚದ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಮಾವ ಬಸ್ಸು ಹತ್ತಿದರು. ಬಸ್ಸು ತಿರುವು ತಿರುವಿಗೂ ನರಳುತ್ತ ಮೇಲೇರಿತು. ಟೈರಿನ ಸದ್ದು ಕೇಳುತ್ತ, ಹಿಂದಿನ ಎಡಗಡೆಯದರಲ್ಲಿ ಗಾಳಿ ಕಡಿಮೆ ಇದೆ ಎಂದು ಕಂಡಕ್ಟರಿಗೆ ಹೇಳಿ ಬೈಸಿಕೊಂಡರು. ಇಳಿದು ನೋಡಿದರೆ ಬೆಟ್ಟವೆಲ್ಲ ಗಾಳಿ. ಕಾವಲಿಲ್ಲ, ಮುಚ್ಚಳವಿಲ್ಲ, ಸುಮ್ಮನೆ ಬೀಸುತ್ತಿತ್ತು. ಇಷ್ಟೊಂದು ಸರಕನ್ನು ಹೀಗೆ ಬೀದಿಯಲ್ಲಿ ಚೆಲ್ಲಿಕೊಂಡ ಊರನ್ನು ಅವರು ಕಂಡಿರಲಿಲ್ಲ.

ಹೆಂಡತಿಯ ಅಕ್ಕ, ಮಾವನಿಗೆ ಅತ್ತಿಗೆ, ಬಾಗಿಲಲ್ಲೇ ನಿಂತಿದ್ದರು. ತೀರ ಸೊರಗಿದ್ದರು. ಊಟ ಸೇರುವುದಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಇಲ್ಲಿನ ಡಾಕ್ಟರೂ ಹವಾ ಬದಲಾಗಬೇಕು ಎಂದಿದ್ದಾರೆ ಎಂದು ನಿಟ್ಟುಸಿರುಬಿಟ್ಟರು. ಆಮೇಲೆ ಹೆಗಲಿನ ಟ್ಯೂಬು ನೋಡಿ, "ಅದೇನದು?" ಎಂದರು.

"ರಫ್ತು," ಎಂದರು ಮಾವ. ತಾವೇ ಹೇಳಿದ್ದಂತೆ ಅದನ್ನು ಅಂಗಳದಲ್ಲಿಯೇ ಬಿಡಬೇಕಿತ್ತು. ದಾರ ಬಿಚ್ಚಿ, ವಾಲ್ವು ಒತ್ತಿದರು.

ಬುಸ್ಸೆಂದು ಗಾಳಿ ಹೊರಬಂತು. ಒಳಗೆ ಹೊರಟಿದ್ದ ಅತ್ತಿಗೆ ತಟ್ಟನೆ ನಿಂತರು. ಮೂಗು ಅರಳಿಸಿದರು. ಹತ್ತಿರ ಬಂದು, ಬಾಗಿ, ಟ್ಯೂಬಿಗೆ ಮುಖ ಹಿಡಿದರು. ರಬ್ಬರು, ಧೂಳು, ಬಸ್ಸಿನ ಹೊಗೆ, ಪಂಕ್ಚರಿನ ಅಂಟು.

"ನಮ್ಮ ಬೀದಿ!" ಎಂದರು. ಕಣ್ಣು ತುಂಬಿ ಬಂತು. "ಅಯ್ಯೋ, ನಮ್ಮ ಬೀದಿ! ಬಿಡ್ಬೇಡಿ, ಸುಮ್ನೆ ಪೋಲು ಮಾಡ್ಬೇಡಿ. ಉಳಿದಿದ್ದು ನಾಳೆಗಿರಲಿ."

ಆ ರಾತ್ರಿ ಅತ್ತಿಗೆ ಎರಡು ಸಲ ಬಡಿಸಿಕೊಂಡು ಉಂಡರು.

ಮಾವ ಬೆಟ್ಟದಲ್ಲಿ ಕೆಲವು ದಿನ ಉಳಿದರು. ಬೆಳಿಗ್ಗೆ ಸಂಜೆ ಗುಡ್ಡದ ನೆತ್ತಿಗೆ ಹೋಗಿ ನಿಂತು, ಯಾವ ಗಾಳಿ ಒಳ್ಳೆಯದೆಂದು ಎದೆ ತುಂಬ ಎಳೆದು ಪರೀಕ್ಷಿಸುತ್ತಿದ್ದರು. ಪರೀಕ್ಷೆ ಮುಗಿಯುವಷ್ಟರಲ್ಲಿ ಉಬ್ಬಸ ಮುಕ್ಕಾಲುಪಾಲು ಇಳಿದಿತ್ತು. ಟ್ಯೂಬು ತುಂಬುವುದನ್ನು ಮಾತ್ರ ಹೊರಡುವ ಗಡಿಬಿಡಿಯಲ್ಲಿ ಮರೆತೇಬಿಟ್ಟರು.

ಊರಿಗೆ ಬಂದರೆ ಅಂಗಡಿಯ ಮುಂದೆ ಪಂಕ್ಚರಾದ ಸೈಕಲ್ಲುಗಳ ಸಾಲು. ಕಂಪ್ರೆಸರಿನ ಯುವಕ ರಸ್ತೆ ದಾಟಿ ಓಡಿಬಂದ.

"ಯಜಮಾನ್ರೇ, ಸದ್ಯ ಬಂದ್ರಲ್ಲ! ನಾನು ಗಾಳಿ ತುಂಬ್ತೀನಿ, ಅದು ತೂತಲ್ಲಿ ಆಚೆ ಹೋಗುತ್ತೆ. ತೂತು ಮುಚ್ಚೋದು ನಂಗೆ ಬರಲ್ಲ. ನಿಮ್ಮ ಮನೆಯವರೇ ಎಲ್ಲರನ್ನೂ ಇಲ್ಲಿ ಕೂರಿಸಿಕೊಂಡಿದ್ರು."

ಪೆಟ್ಟಿಗೆಯ ಮೇಲೆ ಕೂತಿದ್ದ ಹೆಂಡತಿ ಎದ್ದು ಜಾಗ ಬಿಟ್ಟರು. "ವ್ಯಾಪಾರ ಹೇಗಾಯ್ತು?"

"ನಮ್ಮ ಸರಕಿಗೆ ಮೇಲೆ ಭಾರಿ ಬೇಡಿಕೆ ಇದೆ," ಎಂದರು ಮಾವ ಗಂಭೀರವಾಗಿ. "ನಿಮ್ಮಕ್ಕನೇ ಗಿರಾಕಿ. ಇನ್ನು ಆಗಾಗ ಹೋಗ್ತಾ ಇರಬೇಕು. ಮುಂದಿನ ಸಲ ನೀನೂ ಬಾ, ಒಂದು ಟ್ಯೂಬು ನೀನು ಹೊತ್ಕೊ."

ಹೇಳಿ, ಬಾಣಲೆಗೆ ಹೊಸ ನೀರು ತುಂಬಿ, ಮೊದಲ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. ಮೊಳೆಗೆ ನೇತಾಡುತ್ತಿದ್ದ ರೇಡಿಯೋ, ಹಣದುಬ್ಬರ ಕೊಂಚ ಇಳಿದಿದೆ ಎಂದಿತು.

ಮಾವ ಎದೆ ಮುಟ್ಟಿ ನೋಡಿಕೊಂಡು ಹೆಂಡತಿಯ ಕಡೆ ತಿರುಗಿದರು.

"ಕೇಳಿದ್ಯಾ? ನನ್ನ ಉಬ್ಬಸ ಇಳಿದಿದ್ದು ಅಲ್ಲೀವರೆಗೂ ಗೊತ್ತಾಗಿದೆ."